ವಾರ್ಡನ್ ಹಾಕಿದ ಸಹಿ

ಕಲಬುರಗಿ ಜಿಲ್ಲೆಯ ಸೇಡಂ, ಚಿಂಚೋಳಿ ತಾಲ್ಲೂಕುಗಳ ಗಡಿ ದಾಟಿದರೆ ತೆಲಂಗಾಣ. ಅದಿನ್ನೂ ಆಂಧ್ರಪ್ರದೇಶದೊಳಗೇ ಇದ್ದ 2009ರಲ್ಲಿ, ಖಮ್ಮಂ ಜಿಲ್ಲೆಯ ಬಾಲಕಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಕೊಟ್ಟು ಒಂದು ಅಧ್ಯಯನ ನಡೆಸಲಾಯಿತು. ಸಂಸದೀಯ ಸಮಿತಿಯ 2013ರ ವರದಿಯ ಪ್ರಕಾರ, 9,543 ಒಪ್ಪಿಗೆ ಪತ್ರಗಳ ಪೈಕಿ 2,763ಕ್ಕೆ ಸಹಿ ಹಾಕಿದವರು ಹಾಸ್ಟೆಲ್ ವಾರ್ಡನ್‌ಗಳು. ಆ ಮಕ್ಕಳ ತಂದೆ ತಾಯಿಯನ್ನು ಕೇಳಿದವರು ಯಾರು?

ಸೂಜಿಯಾದರೆ ಕಣ್ಣಿಗೆ ಕಾಣುತ್ತದೆ. ಮನಶ್ಶಾಸ್ತ್ರದ ಅಧ್ಯಯನದಲ್ಲಿ ಬಹಳ ಸಲ ಇರುವುದು ಒಂದು ಪ್ರಶ್ನಾವಳಿ, ಒಂದು ಪೆನ್ನು. ಅದರಿಂದ ಏನಾದೀತು ಎಂದುಕೊಳ್ಳುತ್ತೇವೆ. ಆದರೆ ಅಪ್ಪ ಕುಡಿದು ಹೊಡೆಯುತ್ತಾನೆಯೇ, ಸಾಯಬೇಕೆಂದು ಎಂದಾದರೂ ಅನಿಸಿದೆಯೇ ಎಂಬ ಪ್ರಶ್ನೆಗಳಿಗೆ ಹದಿಮೂರರ ಹುಡುಗಿ ತುಂಬಿದ ತರಗತಿಯಲ್ಲಿ, ಪಕ್ಕದವಳು ಇಣುಕುತ್ತಿರುವಾಗ, ಉತ್ತರ ಬರೆಯಬೇಕಾದರೆ ನೋವು ಅಲ್ಲೇ ಶುರುವಾಗುತ್ತದೆ.

ಇಂಥ ನೋವಿನ ಬಗ್ಗೆ ವಿದ್ವಾಂಸರ ನಡುವೆ ದೊಡ್ಡ ವಾದ ಎಬ್ಬಿಸಿದ್ದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ 1961ರಲ್ಲಿ ಆರಂಭಿಸಿದ ಪ್ರಯೋಗ. ನೆನಪಿನ ಶಕ್ತಿಯ ಅಧ್ಯಯನವೆಂದು ನಂಬಿಸಿ ಜನರನ್ನು ಕರೆದರು. ಪಕ್ಕದ ಕೋಣೆಯಲ್ಲಿದ್ದವನು ತಪ್ಪು ಉತ್ತರ ಹೇಳಿದಾಗಲೆಲ್ಲ ಅವನಿಗೆ ಕರೆಂಟ್ ಕೊಡಬೇಕಿತ್ತು. ಕರೆಂಟ್ ಸುಳ್ಳು, ಅವನ ನೋವು ನಟನೆ. ಗುಂಡಿ ಒತ್ತುವವರಿಗೆ ಮಾತ್ರ ಅದು ಗೊತ್ತಿರಲಿಲ್ಲ. ಬೆವತರು, ನಡುಗಿದರು. ಆದರೂ ಪ್ರಯೋಗಕಾರ ಮುಂದುವರಿಸಿ ಎಂದನೆಂಬ ಕಾರಣಕ್ಕೆ, ಮೊದಲ ವರದಿಯಲ್ಲಿದ್ದ 40 ಮಂದಿಯಲ್ಲಿ 26 ಮಂದಿ 450 ವೋಲ್ಟ್‌ನ ಕೊನೆಯ ಗುಂಡಿಯನ್ನೂ ಒತ್ತಿದರು. 1964ರಲ್ಲಿ ಮನಶ್ಶಾಸ್ತ್ರಜ್ಞೆ ಡಯಾನಾ ಬೌಮ್‌ರಿಂಡ್ ಇದನ್ನು ಬಹಿರಂಗವಾಗಿ ಖಂಡಿಸಿದರು.

ಮೋಸದ ಮಾತು ಹಾಗಿರಲಿ. ಎದುರಿಗೆ ದೊಡ್ಡವರು ನಿಂತಾಗ ಬೇಡ ಎನ್ನಲು ಬಾಯಿ ಬರುವುದಿಲ್ಲ ಎಂದು ಆ ಪ್ರಯೋಗವೇ ತೋರಿಸಿಕೊಟ್ಟಿತಲ್ಲ! ಹಾಗಾದರೆ ದೊಡ್ಡವರ ಎದುರು ಹಾಕಿದ ಸಹಿಯನ್ನು ಒಪ್ಪಿಗೆ ಎಂದು ಎಷ್ಟರ ಮಟ್ಟಿಗೆ ನಂಬಬಹುದು?

ಈ ಪ್ರಶ್ನೆ ಕಲಬುರಗಿ ಸೀಮೆಗೆ ಹೆಚ್ಚು ತಟ್ಟುತ್ತದೆ. ವಾಡಿಯ ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕಾರ್ಮಿಕರನ್ನು ಮೇಸ್ತ್ರಿಯೇ ಅಧ್ಯಯನಕ್ಕೆ ಕರೆತಂದು ಕೂರಿಸಿದರೆ, ಶಹಾಬಾದ್, ಚಿತ್ತಾಪುರದ ಕಲ್ಲುಗಣಿ ಕೂಲಿಗಳಿಗೆ ಮಾಲೀಕನೇ ಹಾಳೆ ಹಂಚಿದರೆ, ‘ಸಾಹೇಬ್ರು ಹೇಳ್ಯಾರ, ಒಲ್ಲೆ ಅನ್ಲಿಕ್ಕೆ ಹೆಂಗ ಬರ್ತದ?’ ಎಂಬುದೇ ಉತ್ತರ. ಚಿಂಚೋಳಿಯ ತಾಂಡಾದ ಅಜ್ಜಿಗೆ ಗ್ರಂಥಸ್ಥ ಕನ್ನಡದ ಒಪ್ಪಿಗೆ ಪತ್ರ ಓದಿ ಹೇಳಿದರೂ ಓದದಿದ್ದರೂ ಒಂದೇ. ಆಕೆಗೆ ಲಂಬಾಣಿಯಲ್ಲೇ ಹೇಳಬೇಕು.

ನಿಯಮಗಳೇನೋ ಸ್ಪಷ್ಟವಾಗಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಆರೋಗ್ಯ ಸಂಬಂಧಿ ಸಾಮಾಜಿಕ, ವರ್ತನಾ ಸಂಶೋಧನೆಗೂ ಅನ್ವಯಿಸುತ್ತದೆ. ಓದು ಬರಹ ಬಾರದವರು ಹೆಬ್ಬೆಟ್ಟು ಒತ್ತುವಾಗ ನಿಷ್ಪಕ್ಷಪಾತ ಸಾಕ್ಷಿ ಇರಬೇಕು. ಮಕ್ಕಳ ವಿಷಯದಲ್ಲಿ ಪಾಲಕರ ಒಪ್ಪಿಗೆಯ ಜೊತೆಗೆ, ಏಳು ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಹನ್ನೆರಡರ ಮೇಲಾದರೆ ಬರಹದಲ್ಲೇ ಪಡೆಯಬೇಕು. ಮಾನಸಿಕ ಕಾಯಿಲೆ ಇರುವವರನ್ನು ಬರೀ ಸಂದರ್ಶಿಸುವ ಸಂಶೋಧನೆಗೂ ಸ್ವತಂತ್ರ, ತಿಳಿವಳಿಕೆಯ ಒಪ್ಪಿಗೆ ಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 99ನೇ ಕಲಂ ಹೇಳುತ್ತದೆ.

ಕಾಗದದ ಮೇಲಿನ ಈ ರಕ್ಷಣೆ ಊರಿಗೆ ತಲುಪಬೇಕಾದರೆ ಒಪ್ಪಿಗೆ ಕೇಳುವವರು ಶಿಕ್ಷಕ, ವಾರ್ಡನ್, ಮೇಸ್ತ್ರಿ ಯಾರೂ ಆಗಿರಬಾರದು. ಯಾರು ಒಲ್ಲೆ ಎಂದರೆಂಬುದು ಈ ಮೂವರ ಕಿವಿಗೆ ಬೀಳಲೂಬಾರದು. ಪ್ರಶ್ನೆಗಳಿಂದ ಮನಸ್ಸು ಕಲಕಿದವರಿಗೆ ಟೆಲಿ ಮಾನಸ್ ಸಹಾಯವಾಣಿ 14416ರ ಜೊತೆಗೆ, ಹತ್ತಿರದಲ್ಲೇ ಭೇಟಿಯಾಗಬಹುದಾದ ಆಪ್ತ ಸಮಾಲೋಚಕರ ವಿಳಾಸವನ್ನೂ ಕೊಟ್ಟು ಬರಬೇಕು. ಅರ್ಧಕ್ಕೆ ಎದ್ದು ಹೋಗುವವರನ್ನು ಕಾರಣ ಕೇಳುವಂತಿಲ್ಲ.