ಕಿಸೆಯ ಚಾಕು, ಚಂಚಿಯ ಅಡಕೊತ್ತು

ಸೊಲ್ಲಾಪುರ, ಅಕ್ಕಲಕೋಟ ಕಡೆಯ ಸಂತೆಗಳಲ್ಲಿ ಮಡಚುವ ಚಾಕುವನ್ನು ಹುಡುಕಬೇಕಾಗಿಲ್ಲ. ಬೀಗ, ಚಿಮಟ, ಉಗುರುಗತ್ತರಿ, ಬಾಚಣಿಗೆಗಳ ಜೊತೆ ತಾಡಪತ್ರಿಯ ಮೇಲೆ ಬಿದ್ದುಕೊಂಡಿರುತ್ತದೆ. ಮೊದಲು ಕಣ್ಣಿಗೆ ಬೀಳುವುದು ಮೀನಿನ ಆಕಾರದ್ದು. ಹಿತ್ತಾಳೆ ಬಣ್ಣದ ಮೈ, ಮೈತುಂಬ ಕೊರೆದ ಹುರುಪೆ, ಚುಕ್ಕಿಯಂಥ ಕಣ್ಣು, ಹೊಟ್ಟೆಯೊಳಗೆ ಮಡಚಿಕೊಂಡ ಅಲಗು. ಜಾತ್ರೆಗೆ ಬಂದ ಮಕ್ಕಳು ಹಟ ಹಿಡಿಯುವುದು ಅದಕ್ಕೇ. ದುಡಿಮೆಗೆ ಬೇಕಾದವರು ಅದರ ಪಕ್ಕ ಮಂಕಾಗಿ ಮಲಗಿರುವ, ಕಟ್ಟಿಗೆ ಹಿಡಿಯ ಸಾದಾ ಚಾಕುವನ್ನು ಎತ್ತಿಕೊಳ್ಳುತ್ತಾರೆ. ಈ ಪರಿಚಯ ಆ ಸಾದಾ ಚಾಕುವಿನದು.

ಈ ಸೀಮೆಯಲ್ಲಿ ಅದಕ್ಕೆ ಕೆಲಸದ ಬರವಿಲ್ಲ. ಉಳ್ಳಾಗಡ್ಡಿ ಚೀಲದ ಸುತಳಿ ಕೊಯ್ಯಬೇಕು. ಡ್ರಿಪ್ ಪೈಪು ಸೀಳಿದರೆ ಆ ತುಂಡನ್ನು ತೆಗೆದು ಜೋಡು ಹಾಕಬೇಕು. ಕಬ್ಬಿನ ಗಣಿಕೆಯ ಸಿಪ್ಪೆ ತೆಗೆಯಬೇಕು, ಬುತ್ತಿ ಬಿಚ್ಚಿದಾಗ ಸೌತೆಕಾಯಿ ಹೆಚ್ಚಬೇಕು. (ರೊಟ್ಟಿಯ ಜೊತೆಗಿನ ಉಳ್ಳಾಗಡ್ಡಿಗೆ ಮಾತ್ರ ಚಾಕು ಹಚ್ಚಬಾರದು, ಅದನ್ನು ಗುದ್ದಿಯೇ ಒಡೆಯಬೇಕು, ಇಲ್ಲದಿದ್ದರೆ ರುಚಿಯಿಲ್ಲ ಎಂಬುದು ಇಲ್ಲಿನವರ ಗಟ್ಟಿ ಅಭಿಪ್ರಾಯ, ನನ್ನದೂ.) ಮಲೆನಾಡಿನವರು ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡು ತೋಟಕ್ಕೆ ಹೋಗುತ್ತಾರೆ. ಬಯಲುಸೀಮೆಯಲ್ಲಿ ಕುಡುಗೋಲು ಹೊಲದ ಕೆಲಸಕ್ಕೆ, ಉಳಿದ ಚಿಲ್ಲರೆ ಕೆಲಸಗಳಿಗೆಲ್ಲ ಕಿಸೆಯ ಚಾಕು.

ಆದರೆ ಈ ನಾಡಿನಲ್ಲಿ ಮೈಮೇಲೆ ಹೊತ್ತು ತಿರುಗುವ, ಮಡಚುವ ಅಲಗು ಎಂದರೆ ಚಾಕುವಿಗಿಂತ ಮೊದಲು ಹೇಳಬೇಕಾದದ್ದು ಅಡಕೊತ್ತು. ಹಿರಿಯರ ಬಂಡಿ ಅಂಗಿಯ ಕಿಸೆಯಲ್ಲಿ ಚಂಚಿ ಇರುತ್ತದೆ: ಬಟ್ಟೆಯ ಉದ್ದನೆ ಚೀಲ, ಒಳಗೆ ಎಲೆಗೊಂದು, ಅಡಿಕೆಗೊಂದು, ತಂಬಾಕಿಗೊಂದು ಮಡಿಕೆ, ಸುಣ್ಣದ ಡಬ್ಬಿ, ಸುತ್ತಿ ಕಟ್ಟಲು ದಾರ. ಅದರೊಳಗೇ ಅಡಕೊತ್ತು. ಎರಡು ತೋಳು, ಒಂದು ಕೀಲು. ಒಂದು ತೋಳಿಗೆ ಅಲಗು, ಇನ್ನೊಂದಕ್ಕೆ ಅಡಿಕೆ ಕೂರುವ ಜಾಗ. ಸಾದಾ ಕಬ್ಬಿಣದ್ದರಿಂದ ಹಿಡಿದು ಗಿಣಿ, ಕುದುರೆ, ಜೋಡಿ ಗೊಂಬೆಗಳ ಹಿತ್ತಾಳೆಯವರೆಗೆ ಅದರ ಚೆಲುವಿಗೆ ಕೊನೆಯಿಲ್ಲ. ಪುಣೆಯಲ್ಲಿ ದಿನಕರ ಕೇಳಕರ್ ಅವರು ಜೀವಮಾನವಿಡೀ ಕೂಡಿಸಿದ ರಾಜಾ ಕೇಳಕರ್ ವಸ್ತುಸಂಗ್ರಹಾಲಯದಲ್ಲಿ ಅಡಕೊತ್ತುಗಳದೇ ಒಂದು ದೊಡ್ಡ ಸಂಗ್ರಹವಿದೆ; ಈ ಭಾಗದವರು ಪುಣೆಗೆ ಹೋದರೆ ತಪ್ಪದೆ ನೋಡಬೇಕು. ಮದುವೆಯಲ್ಲಿ ಅರಿಶಿನ ಹಚ್ಚಿಸಿಕೊಂಡ ಮದುಮಗನ ಕೈಗೆ ನಿಂಬೆಹಣ್ಣು ಚುಚ್ಚಿದ ಚಾಕುವನ್ನೋ ಅಡಕೊತ್ತನ್ನೋ ಕೊಡುವ, ಬಾಣಂತಿಯ ತಲೆದಿಂಬಿನ ಕೆಳಗೆ ಅದನ್ನೇ ಇಡುವ ರೂಢಿ ಕರ್ನಾಟಕ-ಮಹಾರಾಷ್ಟ್ರ ಗಡಿಯ ಎರಡೂ ಬದಿ ಇದೆ.

ಅಕ್ಕಲಕೋಟದಲ್ಲಿ ಅಲಗುಗಳನ್ನು ನೋಡಲು ಬೇರೊಂದು ಜಾಗವೂ ಉಂಟು. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವವರಲ್ಲಿ ಹಲವರು ಅರಮನೆಯ ಶಸ್ತ್ರಾಗಾರಕ್ಕೂ ಹೋಗಿಬರುತ್ತಾರೆ. ಛತ್ರಪತಿ ಶಾಹು ಅವರ ದತ್ತುಪುತ್ರ ಫತೇಸಿಂಹ ಭೋಸಲೆಯಿಂದ ಮೊದಲಾದ ಸಂಸ್ಥಾನ ಇದು; 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1923ರಲ್ಲಿ ತೀರಿಕೊಂಡ ಮೂರನೆಯ ಫತೇಸಿಂಹರಾವ್ ಅವರಿಗೆ ಆಯುಧ ಕೂಡಿಸುವ ಹುಚ್ಚು. ಖಡ್ಗ, ಪಟ್ಟಾ, ಕಟಾರಿ, ಬಂದೂಕುಗಳು ಗೋಡೆ ತುಂಬಿವೆ. ದರಬಾರಿನ ಇಂಥ ಖಡ್ಗಗಳಿಗೆ ಸಾಣೆ ಹಿಡಿದು ಮೆರುಗು ಕೊಡುತ್ತಿದ್ದವರು ಶಿಕಲಗಾರರು. ಸಂಸ್ಥಾನಗಳು ಹೋದವು, ಖಡ್ಗಗಳು ಗಾಜಿನ ಹಿಂದೆ ಸೇರಿದವು. ಆ ಕಸುಬು ಕತ್ತರಿ, ಈಳಿಗೆ, ಚಾಕುಗಳಿಗೆ ಇಳಿದು ಬಂತು. ವಿಜಯಪುರ, ಕಲಬುರಗಿ, ಸೊಲ್ಲಾಪುರಗಳಲ್ಲಿ ಶಿಕಲಗಾರ ಎಂಬ ಅಡ್ಡಹೆಸರು ಇಂದಿಗೂ ಸಿಗುತ್ತದೆ. ಸಂಗ್ರಹಾಲಯದ ಗೋಡೆಗಿಂತ ನನಗೆ ಈ ಇಳಿದು ಬಂದ ಕಸುಬೇ ಹೆಚ್ಚು ಆಸಕ್ತಿಯದು. ಏಕೆಂದರೆ ಚಾಕು ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಅಂಗಡಿಯವನಿಗೆ ಸಂಬಂಧಿಸಿದ್ದಲ್ಲ. ಮೊಂಡಾದಾಗ, ಮೊಳೆ ಸಡಿಲಾದಾಗ ಇದನ್ನು ನನ್ನೂರಿನಲ್ಲಿ ಯಾರು ಸರಿಮಾಡುತ್ತಾರೆ? ಉತ್ತರ ಸಿಗದ ಚಾಕು ಎಷ್ಟು ದುಬಾರಿಯದಾದರೂ ದಂಡ.

ಸಂತೆಯ ಚಾಕುಗಳು ಹೆಚ್ಚಾಗಿ ಹೊರಊರಿನ ಕಾರ್ಖಾನೆಯ ಮಾಲು. ದುರಸ್ತಿಯ ಮಾತು ಬಂದಾಗ ಊರಿನ ಕಂಬಾರರು, ರಸ್ತೆ ಬದಿ ಡೇರೆ ಹಾಕುವ ಘಿಸಾಡಿಗಳು ನೆನಪಾಗುತ್ತಾರೆ. ಘಿಸಾಡಿಗಳ ಕುಲುಮೆಯ ಮುಂದೆ ಸ್ವಲ್ಪ ಹೊತ್ತು ನಿಂತವರಿಗೆ ಉಕ್ಕಿನ ಪಾಠ ಪುಕ್ಕಟೆ. ಗಂಡಸು ಇಕ್ಕಳದಲ್ಲಿ ಕೆಂಪು ಕಬ್ಬಿಣ ಹಿಡಿದು ಕೂತಿರುತ್ತಾನೆ, ಹೆಂಗಸು ನಿಂತು ದೊಡ್ಡ ಸುತ್ತಿಗೆ ಎತ್ತಿ ಬಡಿಯುತ್ತಾಳೆ. ಅವರ ಕಚ್ಚಾ ಮಾಲು ಲಾರಿಯ ಹಳೆಯ ಕಮಾನು ಪಟ್ಟಿ, ಅಂದರೆ ಮೆಕ್ಯಾನಿಕ್‌ಗಳು ಹೇಳುವ ಪಾಟಾ. ಅದರಲ್ಲಿ ಇಂಗಾಲ ಶೇ 0.5ರಿಂದ 0.6ರಷ್ಟು ಇರುತ್ತದೆ, ಅಲಗು ಗಟ್ಟಿಯಾಗಲು ಅಷ್ಟು ಸಾಕು. ಉಕ್ಕನ್ನು ಚೆನ್ನಾಗಿ ಕೆಂಪಗೆ ಕಾಯಿಸಿ ಎಣ್ಣೆಯಲ್ಲೋ ನೀರಿನಲ್ಲೋ ಅದ್ದಿದರೆ ಗಾಜಿನಷ್ಟು ಗಡಸಾಗುತ್ತದೆ, ಹಾಗೇ ಬಿಟ್ಟರೆ ಚಿಟ್ಟನೆ ಮುರಿಯುತ್ತದೆ. ಆದ್ದರಿಂದ ಮತ್ತೆ ಹಗುರವಾಗಿ ಕಾಯಿಸಬೇಕು. ಉಜ್ಜಿ ಬೆಳ್ಳಗೆ ಮಾಡಿದ ಅಲಗಿನ ಮೇಲೆ ಒಣಹುಲ್ಲಿನ ಹಳದಿ ಓಡಿ ಬರುತ್ತದೆ; ಅದು ಸುಮಾರು 220 ಡಿಗ್ರಿ ಸೆಲ್ಸಿಯಸ್. ಚಾಕುವಿಗೆ ಅಲ್ಲಿಗೆ ನಿಲ್ಲಿಸಬೇಕು. ನೀಲಿಗೆ ತಿರುಗಿದರೆ ಸ್ಪ್ರಿಂಗಿಗೆ ಸರಿ, ಅಲಗಿಗೆ ಮೆತ್ತಗಾಯಿತು. ಹದ ಎಂದರೆ ಇದೇ.

ಈಗ ಆಯ್ಕೆ. ಬುದ್ಧಿವಂತ ಗಿರಾಕಿ ಅಲಗಿನ ಹೊಳಪು ನೋಡುವುದಿಲ್ಲ, ಕೀಲು ನೋಡುತ್ತಾನೆ. ಸಂತೆಯಲ್ಲಿ ಕೇಳಿಬರುವ ಮಾತು ಇಂಥದು:

“ಕಾಕಾ, ಇದು ಛಲೋ ಹರಿತದ ಏನ್ರಿ?”

“ಹರಿತ ನಾಳಿ ಸಾಣಿ ಹಿಡಿದರ ಬರ್ತದ ತಮ್ಮಾ. ಮೊದಲ ಕೀಲ ಅಲುಗಾಡಿಸಿ ನೋಡು.”

ಕಾಕಾನ ಮಾತು ನೂರಕ್ಕೆ ನೂರು ಸರಿ. ಚಾಕು ಪೂರ್ತಿ ಬಿಚ್ಚಿ, ಹಿಡಿಯನ್ನು ಒಂದು ಕೈಯಲ್ಲಿ ಹಿಡಿದು, ಅಲಗಿನ ಬೆನ್ನನ್ನು ಇನ್ನೊಂದು ಕೈಯ ಎರಡು ಬೆರಳಲ್ಲಿ ಹಿಡಿದು ಎಡಬಲಕ್ಕೆ ಒತ್ತಿ ನೋಡಿ. ಹೊಸದರಲ್ಲೇ ಅಲುಗಿದರೆ ಕೆಳಗಿಡಿ. ಆಮೇಲೆ ಮಡಚಿ, ಬೆಳಕಿಗೆ ಹಿಡಿದು ಸೀಳಿನೊಳಗೆ ಇಣುಕಿ: ಅಲಗು ಒಂದು ಮಗ್ಗಲಿಗೆ ತಾಗಿಕೊಂಡಿದ್ದರೆ ಪ್ರತಿ ಸಲ ಮಡಚುವಾಗಲೂ ಬಾಯಿ ಸವೆಯುತ್ತದೆ. ಮಡಚಿದ ಮೇಲೆ ತುದಿ ಕೂದಲೆಳೆಯಷ್ಟೂ ಹೊರಗೆ ಇಣುಕಬಾರದು. ಕಿಸೆಗೆ ಕೈ ಹಾಕುವವರು ನೀವು. ಸ್ಪ್ರಿಂಗ್ ಇರುವ ಚಾಕು ಬಿಚ್ಚುವಾಗಲೂ ಮಡಚುವಾಗಲೂ ಟಕ್ ಎನ್ನಬೇಕು. ಸದ್ದಿಲ್ಲದೆ ತಾನಾಗಿ ಬಿಚ್ಚಿಕೊಳ್ಳುವುದು ಅಪಾಯದ್ದು. ಉಗುರು ಸಿಕ್ಕಿಸುವ ಗೀಟು ಆಳವಾಗಿರಲಿ, ಬೆವರಿದ ಕೈಗೆ ಅದೇ ಆಧಾರ. ಕೀಲಿನ ಮೊಳೆ ತೆರೆದಿದ್ದರೆ ಮೇಲು, ಸಡಿಲಾದರೆ ಕಂಬಾರ ಎರಡು ಪೆಟ್ಟು ಹಾಕಿ ಬಿಗಿ ಮಾಡುತ್ತಾನೆ. ಅಂದಕ್ಕೆಂದು ಪ್ಲಾಸ್ಟಿಕ್ ಹಿಡಿಯಲ್ಲಿ ಮುಚ್ಚಿಬಿಟ್ಟರೆ ಆ ದಾರಿಯೂ ಮುಚ್ಚಿತು.

ಅಲಗಿನ ಉದ್ದ ಮೂರು ಇಂಚು ಸಾಕು, ನಾಲ್ಕು ಬೆರಳಿನ ಅಗಲ ಎಂದುಕೊಳ್ಳಿ. ದಪ್ಪ ಅಲಗು ಬಲವಾದದ್ದು ಎಂಬ ನಂಬಿಕೆ ಬಿಡಿ. ಕಿಸೆಯ ಚಾಕು ಕೊಯ್ಯಬೇಕು, ಸೀಳುವ ಕೆಲಸಕ್ಕೆ ಕೊಡಲಿ ಇದೆ. ಎರಡು ಮಿಲಿಮೀಟರ್‌ನ ತೆಳು ಅಲಗು ಹಣ್ಣಿಗೂ ಹಗ್ಗಕ್ಕೂ ಸಲೀಸು.

ಉಕ್ಕಿನ ವಿಷಯದಲ್ಲಿ ಒಂದೇ ಉತ್ತರ ಎಲ್ಲರಿಗೂ ಹೊಂದುವುದಿಲ್ಲ. ತುಕ್ಕು ಹಿಡಿಯುವ ಕಾರ್ಬನ್ ಉಕ್ಕು ಬೇಗ ಹರಿತವಾಗುತ್ತದೆ, ಬಾವಿಕಟ್ಟೆಯ ಕಲ್ಲಿಗೆ ನಾಲ್ಕು ಸಲ ಮಸೆದರೂ ಕೆಲಸಕ್ಕೆ ಬರುತ್ತದೆ. ಅಡಿಕೆ, ದಾಳಿಂಬೆ ಸಿಪ್ಪೆ ತಾಗಿದರೆ ಅದು ಕಪ್ಪಾಗುತ್ತದೆ. ಒಗರಿನ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಆಗುವ ಕಪ್ಪು ಅದು, ಹಿಂದಿನವರು ಶಾಯಿ ಮಾಡುತ್ತಿದ್ದದ್ದೂ ಇದೇ ಕೂಟದಿಂದ. ಅಲಗು ಕೆಟ್ಟಿತೆಂದು ಎಸೆಯಬೇಡಿ. ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿದರೆ ವರ್ಷಗಟ್ಟಲೆ ಬಾಳುತ್ತದೆ. ನನ್ನ ಒಲವು ಈ ಕಡೆಗೆ.

ದಾಳಿಂಬೆ ಬೆಳೆಗಾರರಿಗೆ ಮಾತ್ರ ನನ್ನ ಒಲವು ಉಪಯೋಗವಿಲ್ಲ. ಸೊಲ್ಲಾಪುರ ಜಿಲ್ಲೆ ದಾಳಿಂಬೆಯ ತವರು. ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ 2005ರಲ್ಲಿ ಇಲ್ಲೇ ಶುರುವಾಯಿತು, ಸೊಲ್ಲಾಪುರ ದಾಳಿಂಬೆಗೆ ಭೌಗೋಳಿಕ ಸೂಚಿಯ ಮನ್ನಣೆಯೂ ಇದೆ. ಗೂಟಿ ಕಟ್ಟುವಾಗ ಟೊಂಗೆಯ ಸುತ್ತ ಒಂದು ಇಂಚಿನಷ್ಟು ತೊಗಟೆಯನ್ನು ಉಂಗುರದಂತೆ ತೆಗೆಯಬೇಕು. ಒಳಗಿನ ಕಟ್ಟಿಗೆಗೆ ಗಾಯವಾಗದ ಹಾಗೆ ತೆಗೆಯುವ ಆ ಕೆಲಸಕ್ಕೆ ಮಡಚುವ ಚಾಕುವೇ ಬೇಕು. ತೋಟವನ್ನೇ ನುಂಗುವ ದುಂಡಾಣು ಅಂಗಮಾರಿ, ರೈತರ ಬಾಯಲ್ಲಿ ತೇಲ್ಯಾ, ಸವರುವ ಕತ್ತರಿ ಮತ್ತು ಚಾಕುಗಳ ಮೂಲಕ ಗಿಡದಿಂದ ಗಿಡಕ್ಕೆ ದಾಟುತ್ತದೆ. ಒಂದು ಗಿಡ ಮುಗಿಸಿದ ಮೇಲೆ ಅಲಗನ್ನು ಶೇ 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿಯೇ ಮುಂದಿನದಕ್ಕೆ ಹೋಗಬೇಕು. ಆ ದ್ರಾವಣ ಕಾರ್ಬನ್ ಉಕ್ಕನ್ನು ನೋಡನೋಡುತ್ತ ತಿಂದುಹಾಕುತ್ತದೆ. ಅವರು ಸ್ಟೇನ್‌ಲೆಸ್ ಕೊಳ್ಳಬೇಕು. ಅದನ್ನೂ ಸಂಜೆ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಕೀಲಿಗೆ ಎಣ್ಣೆ ಬಿಡಬೇಕು. ಮತ್ತು ತೋಟದ ಚಾಕುವಿನಲ್ಲಿ ಮನೆಯ ಹಣ್ಣು ಕೊಯ್ಯಬಾರದು.

ಹೊರನಾಡಿನ ಹೆಸರಾದ ರೈತ ಚಾಕುಗಳೂ ಹೀಗೇ ಸಾದಾ. 1890ರಲ್ಲಿ ಫ್ರಾನ್ಸಿನ ಸವೋಯ್‌ನಲ್ಲಿ ಶುರುವಾದ ಒಪಿನೆಲ್ ಎಂದರೆ ಒಂದು ಕಟ್ಟಿಗೆ ಹಿಡಿ, ಒಂದು ಅಲಗು, ಒಂದು ಮೊಳೆ; ಅಲಗು ಮಡಚಿಕೊಳ್ಳದಂತೆ ತಡೆಯುವ ಉಂಗುರ ಬಂದದ್ದು 1955ರಲ್ಲಿ. ಜಪಾನಿನ ಮಿಕಿ ಊರಿನ ಹಿಗೊನೊಕಾಮಿಗೆ ಸ್ಪ್ರಿಂಗೂ ಇಲ್ಲ, ಬೀಗವೂ ಇಲ್ಲ. ನಮ್ಮಲ್ಲಿ ಹೆಸರು ಮಾಡಿದ ಮಡಚುವ ಚಾಕು ಮಾತ್ರ ಉತ್ತರ ಪ್ರದೇಶದ ರಾಂಪುರಿ. ಅದಕ್ಕೆ ಸಿನಿಮಾ ಖಳನಾಯಕರು ತಂದ ಕೀರ್ತಿಯೇ ಮುಳುವಾಯಿತು. ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗನ್ನು 1990ರ ದಶಕದಲ್ಲಿ ಅಲ್ಲಿನ ಸರ್ಕಾರ ನಿಷೇಧಿಸಿತು, ಕುಶಲಕರ್ಮಿಗಳ ಕೈ ಖಾಲಿಯಾಯಿತು. 2023ರಲ್ಲಿ ಅದೇ ರಾಂಪುರದ ಚೌಕವೊಂದರಲ್ಲಿ ಇಪ್ಪತ್ತು ಅಡಿ ಎತ್ತರದ ಚಾಕುವಿನ ಪ್ರತಿಕೃತಿ ನಿಲ್ಲಿಸಿದ್ದಾರೆ. ಕೆಲಸದ ಚಾಕು ಮಾಡುವವರು ಕಡಿಮೆಯಾದ ಮೇಲೆ ಪ್ರತಿಕೃತಿ ಕಟ್ಟುವ ನಮ್ಮ ಸರ್ಕಾರಿ ಅಭ್ಯಾಸಕ್ಕೆ ಏನನ್ನಬೇಕೋ.

ಕಾನೂನು ತಿಳಿದಿರಲಿ. 1959ರ ಆಯುಧ ಕಾಯ್ದೆಯಡಿಯ ನಿಯಮಗಳು ಲೆಕ್ಕಕ್ಕೆ ಹಿಡಿಯುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು. ಮನೆಗೆಲಸ, ಕೃಷಿ, ಕೈಗಾರಿಕೆಗೆಂದೇ ಮಾಡಿದ ಸಾಧನಗಳು ಅದರಿಂದ ಹೊರಗೆ. ಹಾಗೆಂದು ಮೂರು ಇಂಚಿನ ಚಾಕುವನ್ನು ಎಲ್ಲೆಂದರಲ್ಲಿ ಒಯ್ಯಬಹುದೆಂದಲ್ಲ. ಹಬ್ಬ, ಚುನಾವಣೆ, ಗಲಾಟೆಯ ದಿನಗಳಲ್ಲಿ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೆಯ ಕಲಮಿನಂತೆ ಆಯುಧ, ಚಾಕು ಒಯ್ಯದಂತೆ ಆದೇಶ ಹೊರಡಿಸುತ್ತಾರೆ. ಪತ್ರಿಕೆಯಲ್ಲಿ ಆ ಸುದ್ದಿ ಕಂಡ ದಿನ ಚಾಕು ಮನೆಯಲ್ಲಿರಲಿ. ಸೊಲ್ಲಾಪುರದ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಗಡ್ಡಾದಲ್ಲಿ, ಅಂದರೆ ಅಲ್ಲಿನ ಅಂಗಡಿಸಾಲಿನಲ್ಲಿ, ಚಾಕು ಕೊಂಡರೆ ಕಾಗದದಲ್ಲಿ ಸುತ್ತಿಸಿ ಚೀಲದ ತಳಕ್ಕೆ ಹಾಕಿಕೊಳ್ಳಿ, ನಂದಿಕೋಲಿನ ಮೆರವಣಿಗೆಯ ಗದ್ದಲದಲ್ಲಿ ಹೊರಗೆ ತೆಗೆಯಬೇಡಿ. ನ್ಯಾಯಾಲಯ, ಮೆಟ್ರೋ ನಿಲ್ದಾಣಗಳಿಗೆ ಹೋಗುವಾಗ ಕಿಸೆ ತಡವಿ ನೋಡಿಕೊಳ್ಳಿ. ವಿಮಾನ ಪ್ರಯಾಣವಿದ್ದರೆ ಚಾಕುವೂ ಅಡಕೊತ್ತೂ ಚೆಕ್-ಇನ್ ಚೀಲಕ್ಕೆ ಹೋಗಬೇಕು. ಕೈಚೀಲದಲ್ಲಿ ಸಿಕ್ಕರೆ ತಪಾಸಣೆಯವರು ಅಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ, ಅದು ಅಜ್ಜನ ಕಾಲದ್ದೆಂದರೂ ಕೇಳುವುದಿಲ್ಲ.