ಒಂದಾಗಿ ತೋರುವ ಭಂಡಾರ

ಹತ್ತಾರು ಡಿಸ್ಕುಗಳನ್ನು ಒಂದೇ ಭಂಡಾರವೆಂಬಂತೆ ತೋರಿಸುವ ಸ್ಟೋರೇಜ್ ವರ್ಚುವಲೈಸೇಶನ್ ಎಂಬ ಏರ್ಪಾಡು ಕಚೇರಿಗೆ ಬಂದ ದಿನವೇ, ಇನ್ನು ದತ್ತಾಂಶಕ್ಕೆ ಅಪಾಯವಿಲ್ಲವೆಂದು ನಿಶ್ಚಿಂತರಾಗುವವರು ಬಹುಮಂದಿ. ಇದಕ್ಕಿಂತ ಹಾನಿಕರವಾದ ಭ್ರಾಂತಿಯನ್ನು ಈ ಕ್ಷೇತ್ರದಲ್ಲಿ ನಾನು ಕಾಣೆ.

ಭ್ರಾಂತಿಯ ಮೂಲದಲ್ಲಿ ಸತ್ಯಾಂಶವೊಂದು ಇಲ್ಲದಿಲ್ಲ. ದುಬಾರಿಯಾದ ಒಂದು ದೊಡ್ಡ ಡಿಸ್ಕಿಗೆ ಬದಲಾಗಿ ಅಗ್ಗದ ಹಲವು ಸಣ್ಣ ಡಿಸ್ಕುಗಳನ್ನು ಕೂಡಿಸಿ, ಅವುಗಳಲ್ಲೊಂದು ಕೆಟ್ಟರೂ ಕಾರ್ಯ ನಿಲ್ಲದಂತೆ ನಡೆಸಬಹುದೆಂದು ಬರ್ಕ್ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಎಂಬ ಮೂವರು ವಿದ್ವಾಂಸರು 1988ರ ತಮ್ಮ ಪ್ರಬಂಧದಲ್ಲಿ ಪ್ರತಿಪಾದಿಸಿದರು. ರೇಡ್ ಎಂಬ ಹೆಸರು ಅಲ್ಲಿಂದ ಬಂದದ್ದು. ತಲಾ 4 ಟೆರಾಬೈಟಿನ ನಾಲ್ಕು ಡಿಸ್ಕುಗಳನ್ನು ರೇಡ್ 5ರ ಕ್ರಮದಲ್ಲಿ ಜೋಡಿಸಿದರೆ ಬಳಕೆಗೆ ದೊರಕುವುದು 12 ಟೆರಾಬೈಟ್. ಮಿಕ್ಕ ಸ್ಥಳವು ಪ್ಯಾರಿಟಿ ಎಂಬ ಲೆಕ್ಕಕ್ಕೆ ಮೀಸಲು. ಒಂದು ಡಿಸ್ಕು ಕೆಟ್ಟಾಗ ಅದರಲ್ಲಿದ್ದುದನ್ನು ಉಳಿದ ಮೂರರಿಂದ ಪುನಃ ರಚಿಸಬಹುದು. ಆ ರಚನೆ ಮುಗಿಯುವ ಮೊದಲೇ ಇನ್ನೊಂದು ಕೆಟ್ಟಿತೋ, ಸರ್ವವೂ ನಷ್ಟ. ಅಲ್ಲದೆ, ಬರೆಯೆಂಬ ಆಜ್ಞೆಯನ್ನು ಪಾಲಿಸುವಷ್ಟೇ ನಿಷ್ಠೆಯಿಂದ ಅಳಿಸೆಂಬ ಆಜ್ಞೆಯನ್ನೂ ರೇಡ್ ಪಾಲಿಸುತ್ತದೆ. ಅದು ಯಂತ್ರದ ಮರಣಕ್ಕೆ ಮದ್ದೇ ಹೊರತು ಮನುಷ್ಯನ ಪ್ರಮಾದಕ್ಕಲ್ಲ.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು, ತಾವು ಬೇರೊಂದು ಸರ್ವರಿನಲ್ಲಿರುವೆವೆಂದು ಭಾವಿಸಿ ಮುಖ್ಯ ಸರ್ವರಿನ ಕಡತಗಳನ್ನೇ ಅಳಿಸಿದಾಗ ಸುಮಾರು 300 ಗಿಗಾಬೈಟಿನಷ್ಟು ದತ್ತಾಂಶ ನಾಶವಾಯಿತು. ನಿತ್ಯವೂ ನಡೆಯುತ್ತಿದೆಯೆಂದು ನಂಬಿದ್ದ ಬ್ಯಾಕಪ್ ಯಾರ ಗಮನಕ್ಕೂ ಬಾರದೆ ವಿಫಲವಾಗುತ್ತಿತ್ತೆಂಬುದು ಆಗ ತಿಳಿಯಿತು. ಅನ್ಯಕಾರ್ಯಕ್ಕಾಗಿ ಸುಮಾರು ಆರು ಗಂಟೆಗಳ ಹಿಂದೆ ತೆಗೆದಿದ್ದ ಒಂದು ಪ್ರತಿ ಅವರನ್ನು ಕಾಪಾಡಿತು. ನಡೆದುದೆಲ್ಲವನ್ನೂ ಆ ಸಂಸ್ಥೆ ತಾನಾಗಿಯೇ ಲೋಕಕ್ಕೆ ತಿಳಿಸಿದುದು ಶ್ಲಾಘ್ಯ.

ಒಂದು ಗಳಿಗೆಯ ದತ್ತಾಂಶದ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್ ಇದ್ದರೆ ಸಾಕೆಂಬುವರೂ ಉಂಟು. ಡಿಸ್ಕುಗಳಿರುವ ಅದೇ ಪೆಟ್ಟಿಗೆಯೊಳಗಿನ ಸ್ನ್ಯಾಪ್‌ಶಾಟ್ ಆ ಪೆಟ್ಟಿಗೆಯೊಡನೆಯೇ ಬೆಂದುಹೋಗುತ್ತದೆ: 2021ರ ಮಾರ್ಚ್ 10ರಂದು ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರವೊಂದು ಬೆಂಕಿಗೆ ಆಹುತಿಯಾದುದನ್ನು ಮರೆಯಲಾಗದು.

ವರ್ಚುವಲೈಸೇಶನ್ನಿನಿಂದ ಸ್ಥಳ ಹೆಚ್ಚುವುದೆಂಬುದೂ ತಪ್ಪು. ಥಿನ್ ಪ್ರಾವಿಷನಿಂಗ್ ಕ್ರಮದಲ್ಲಿ 8 ಟೆರಾಬೈಟಿನ ಭಂಡಾರದಿಂದ ಹತ್ತು ವಿಭಾಗಗಳಿಗೆ ತಲಾ 2 ಟೆರಾಬೈಟ್ ಇರುವಂತೆ ತೋರಿಸಬಹುದು; ನಿಜವಾದ ಎಂಟು ತುಂಬಿದ ಗಳಿಗೆ ಎಲ್ಲರ ಬರವಣಿಗೆಯೂ ಒಮ್ಮೆಗೇ ನಿಲ್ಲುತ್ತದೆ.

ಓದುಗರಲ್ಲಿ ನನ್ನ ಬಿನ್ನಹವಿಷ್ಟೇ: ಈ ವಾರವೇ ನಿಮ್ಮ ಬ್ಯಾಕಪ್ಪಿನಿಂದ ಒಂದು ಕಡತವನ್ನು ಬೇರೊಂದು ಯಂತ್ರಕ್ಕೆ ಇಳಿಸಿಕೊಂಡು, ತೆರೆದು ನೋಡಿರಿ.