ಸಹಸ್ರಪದಿ ಕಾಣೆಯಾದಾಗ

ಆಫ್ರಿಕಾದ ದೈತ್ಯ ಸಹಸ್ರಪದಿಯನ್ನು ಗಾಜಿನ ತೊಟ್ಟಿಯಲ್ಲಿ ಸಾಕುವವರನ್ನು ಹೆಚ್ಚು ಕಾಡುವುದು ಅದು ಕಣ್ಮರೆಯಾಗುವುದು. 30 ಸೆಂಟಿಮೀಟರಿಗಿಂತಲೂ ಉದ್ದ ಬೆಳೆಯಬಲ್ಲ ಈ ಜೀವಿ ವಾರಗಟ್ಟಲೆ ಮಣ್ಣೊಳಗೇ ಇದ್ದುಬಿಟ್ಟರೆ, ಸತ್ತೇಹೋಯಿತೇನೋ ಎಂದು ಕೆದಕಿ ನೋಡುತ್ತಾರೆ. ಅದೇ ದೊಡ್ಡ ತಪ್ಪು. ಪೊರೆ ಕಳಚಲು ಅದು ಮಣ್ಣಿನಲ್ಲಿ ಪುಟ್ಟ ಗೂಡು ಮಾಡಿಕೊಂಡಿರುತ್ತದೆ. ಹಳೆಯ ಹೊದಿಕೆಯಿಂದ ಆಗಷ್ಟೇ ಹೊರಬಂದ ಮೈ ಬಿಳಿಚಿಕೊಂಡು, ಒತ್ತಿದರೆ ಒಡೆಯುವಷ್ಟು ಮೆತ್ತಗಿರುತ್ತದೆ. ಕಳಚಿದ ಪೊರೆಯನ್ನು ತಾನೇ ತಿಂದು ಅದರಲ್ಲಿನ ಸುಣ್ಣದಂಶವನ್ನು ಮರಳಿ ಪಡೆಯುತ್ತದೆ. ಇಷ್ಟೆಲ್ಲ ಕೆಲಸ ಕತ್ತಲಲ್ಲಿ, ಯಾರೂ ಮುಟ್ಟದಿರುವಾಗ ಮಾತ್ರ ಸಾಧ್ಯ.

ಹಾಗಾದರೆ ಕಾಯಿಲೆ ಬಿದ್ದರೆ ತಿಳಿಯುವುದು ಹೇಗೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಗುರುತು ಸಿಗುವುದು ಮಣ್ಣಿನ ಮೇಲೆ. ಆರೋಗ್ಯವಾಗಿರುವ ಸಹಸ್ರಪದಿ ಬೆದರಿದಾಗ, ನಮ್ಮ ಮಲೆನಾಡಿನ ಚೋರಟೆಯಂತೆಯೇ, ಚಕ್ಕುಲಿಯಾಗಿ ಸುತ್ತಿಕೊಳ್ಳುತ್ತದೆ. ಮುಟ್ಟಿದರೂ ಸುತ್ತಿಕೊಳ್ಳದೆ ಸಡಿಲವಾಗಿ ಬಿದ್ದುಕೊಂಡಿದ್ದರೆ ಚಿಂತಿಸಬೇಕು. ಕೈಮೇಲೆ ನಿರಾಳವಾಗಿ ಹರಿದಾಡುವುದರಿಂದ ಅದಕ್ಕೆ ನಮ್ಮ ಒಡನಾಟ ಇಷ್ಟವೆಂದು ವಾದಿಸುವವರೂ ಇದ್ದಾರೆ. ಅದು ಒಲವಲ್ಲ, ಮೀಸೆಯಿಂದ ದಾರಿ ತಡವುತ್ತ ಸಾಗುವ ನಡಿಗೆ. ಹೆದರಿಕೆ ಹೆಚ್ಚಾದರೆ ಮೈಬದಿಯ ರಂಧ್ರಗಳಿಂದ ಜಿನುಗುವ ದ್ರವ ಚರ್ಮಕ್ಕೆ ಕಂದು ಕಲೆ ಹಚ್ಚುತ್ತದೆ, ಕಣ್ಣಿಗೆ ತಾಗಿದರೆ ಉರಿಯುತ್ತದೆ. ಮಣ್ಣೊಳಗೆ ನೆಮ್ಮದಿಯಾಗಿ ಪೊರೆ ಕಳಚಲು ಅನುವಾಗುವಂತೆ, ಸಹಸ್ರಪದಿಯನ್ನು ಸಾಕುವವರು ತರಗೆಲೆ, ಕೊಳೆತ ಮರದ ತುಂಡು ಬೆರೆತ ತೇವದ ಮಣ್ಣನ್ನು ಅದರ ಮೈಯುದ್ದದಷ್ಟಾದರೂ ಆಳಕ್ಕೆ ತುಂಬಿಡಬೇಕು.